ಬೋರಲಿಂಗಯ್ಯನ ಮನೆಗೆ ಬಂದ ಬ್ರೆಡ್ಡು

“ಇವತ್ತಾದ್ರೂ ನನ್ನ ಡೈರಿತಕ ಯಾರು ಕರ್ಕೊಂಡೋಯ್ತಾರಪ್ಪ?”

ಬೋರಲಿಂಗಯ್ಯ ಯಾರನ್ನೂ ಕೇಳಿದ್ದಲ್ಲ. ಎದುರಿಗಿದ್ದದ್ದು ಬರೀ ಗೋಡೆ. ಬಚ್ಚಲಲ್ಲಿ ಜಾರಿ ಬಿದ್ದಾಗಿನಿಂದ ಅವನ ಕಾಲು ಹಳೇ ಕುರ್ಚಿಯ ಕಾಲಿನಂತಾಗಿತ್ತು, ನಿಂತರೂ ನಂಬುವಂತಿರಲಿಲ್ಲ. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಾಗಿರಲಿಲ್ಲ. ಗುಡೇಮಾರನಹಳ್ಳಿಯಲ್ಲಿ ಅವನಿಗಿದ್ದ ಬಳಗವೆಂದರೆ ಸಂಜೆ ಡೈರಿಗೆ ಹಾಲು ಹಾಕಲು ಬರುವ ಜನ. ಹಸು ಮಾರಿದ ಮೇಲೂ ಡೈರಿಯ ಜಗಲಿಯ ಮೇಲೆ ಕೂತು ನಾಲ್ಕು ಮಾತಾಡಿ ಬರುತ್ತಿದ್ದ. ಈಗ ಅದೂ ತಪ್ಪಿ ನಾಲಿಗೆ ತುಕ್ಕು ಹಿಡಿಯುತ್ತಿತ್ತು. ಹಿಡಿದು ನಡೆಯಲು ಒಂದು ತೋಳು ಸಿಕ್ಕಿದ್ದರೆ ಸಾಕಿತ್ತು.

ಆ ಹೊತ್ತಿಗೆ ಲತಾಮಣಿ ಕಿಟಕಿಯಲ್ಲಿ ಇಣುಕಿದಳು. ಒಂಟಿ ಮುದುಕರನ್ನು ನೋಡಿಕೊಳ್ಳಲೆಂದು ಊರ ಹೆಂಗಸರು ಕಟ್ಟಿಕೊಂಡಿದ್ದ ಸಂಘಕ್ಕೆ ಅವಳೇ ಅಧ್ಯಕ್ಷೆ.

“ಮಾವ, ಗೋಡೆ ಜೊತೆ ಮಾತಾಡ್ತಾ ಇದ್ದೀರಾ?”

“ಗೋಡೆ ಎದುರು ಮಾತಾಡಕ್ಕಿಲ್ಲ ಕಣವ್ವ. ಒಸಿ ಕೈ ಹಿಡ್ಕೊಂಡು ಡೈರಿತಕ...”

“ಬಿದ್ದುಗಿದ್ರೆ ಸಂಘಕ್ಕೆ ಕೆಟ್ಟೆಸ್ರು. ಮಲಿಕೊಳ್ಳಿ. ಮಾತಾಡೋಕೆ ಜನ ತಾನೆ, ನಾನು ಕಳಿಸ್ತೀನಿ.”

ಒಳಗೆ ಬಂದು, ಅವನನ್ನು ಮಲಗಿಸಿ, ಕುತ್ತಿಗೆಯವರೆಗೂ ಕಂಬಳಿ ಹೊದಿಸಿದ ಮೇಲೆಯೇ ಅವಳು ಹೊರಟಳು.

ಮೊದಲು ಬಂದವನು ಪಕ್ಕದ ಬೀದಿಯ ಕೆಂಪರಾಜು. ಬರಿಗೈಯಲ್ಲಿ ಬರಬಾರದೆಂದು ಒಂದು ಬ್ರೆಡ್ಡು ತಂದ. ಅಲ್ಲೇ ತಪ್ಪಿದ್ದು. ಆ ಊರಲ್ಲಿ ಯಾರ ಕೈಯಲ್ಲಾದರೂ ಬ್ರೆಡ್ಡು ಕಂಡರೆ ಯಾರೋ ಹಾಸಿಗೆ ಹಿಡಿದಿದ್ದಾರೆಂದೇ ಲೆಕ್ಕ. ಗಟ್ಟಿಮುಟ್ಟಾದವರು ಅದನ್ನು ತಿಂದದ್ದನ್ನು ಕಂಡವರಿಲ್ಲ.

“ಹೆಂಗೈತೆ ದೊಡ್ಡಪ್ಪ?”

“ಏನೂ ಆಗಿಲ್ಲ ಕಣ್ಲಾ. ಸಂಜೆ ಡೈರಿಗೆ...”

“ಎಲ್ರೂ ಹಂಗೇ ಅನ್ನದು,” ಎಂದ ಕೆಂಪರಾಜು ಒಂದಷ್ಟು ಹೊತ್ತು ಮೊಬೈಲು ತೀಡಿ ಎದ್ದು ಹೋದ.

ಎದುರುಮನೆಯ ಸಿದ್ದಮ್ಮ ಬ್ರೆಡ್ಡು ಒಳಗೆ ಹೋದದ್ದನ್ನೂ, ಕೆಂಪರಾಜು ತಲೆತಗ್ಗಿಸಿ ಮೊಬೈಲು ನೋಡುತ್ತ ಹೊರಬಂದದ್ದನ್ನೂ ನೋಡಿದಳು. ಅವಳೂ ಒಂದು ಬ್ರೆಡ್ಡು ತರಿಸಿದಳು. ಅವಳನ್ನು ನೋಡಿ ಇನ್ನೊಬ್ಬರು. ಮಧ್ಯಾಹ್ನಕ್ಕೆ ಅಂಗಡಿಯಲ್ಲಿ ಬ್ರೆಡ್ಡು ಮುಗಿದು ಬನ್ನು, ಬನ್ನು ಮುಗಿದು ರಸ್ಕು. ವರ್ಷಗಟ್ಟಲೆ ಮಾತು ಬಿಟ್ಟಿದ್ದ ವೆಂಕಟಯ್ಯ ಬಂದು, “ನಿನ್ನ ಹೊಲದ ಬದ ಒತ್ತಿದ್ದು ನಾನೇ ಕಣಣ್ಣ. ಮನಸಲ್ಲಿ ಇಟ್ಕೊಂಡು ಹೋಗ್ಬ್ಯಾಡ,” ಎಂದು ಕಾಲು ಮುಟ್ಟಿದ. ಬೋರಲಿಂಗಯ್ಯ ತಲೆಯೆತ್ತಿದಾಗಲೆಲ್ಲ ಯಾರೋ ಒಬ್ಬರು ದಿಂಬಿಗೆ ಒತ್ತುತ್ತಿದ್ದರು.

“ಆಸೆಗೀಸೆ ಏನಾರ ಐತಾ ಬೋರಲಿಂಗಣ್ಣ?” ಸಿದ್ದಮ್ಮನ ಕಣ್ಣು ತುಂಬಿತ್ತು.

“ಐತೆ. ಡೈರಿಗೆ ಹೋಗ್ಬೇಕು.”

ಅವಳು ಸೆರಗು ಬಾಯಿಗಿಟ್ಟು ಹಿಂದಿದ್ದವರಿಗೆ ಹೇಳಿದಳು. “ಬಡಬಡಿಸ್ತಾವ್ನೆ. ಹಟ್ಟೀಲಿ ಹಸುನೇ ಇಲ್ಲ, ಡೈರಿ ಅಂತಾವ್ನೆ.”

ಸಂಜೆಗೆ ಹಾಲಿನ ಕ್ಯಾನುಗಳೆಲ್ಲ ಅವನ ಅಂಗಳದಲ್ಲೇ ನಿಂತವು. ಚೆಲುವಯ್ಯನ ಭಜನೆ ಮೇಳ ಹಾಸಿಗೆಯ ಪಕ್ಕ ಕೂತಿತು. ಸಿದ್ದಮ್ಮ ತುಳಸಿ ನೀರಿನ ಲೋಟ ಹಿಡಿದು ಸಿದ್ಧಳಾದಳು.

ಬೋರಲಿಂಗಯ್ಯ ತಂದೆಯ ತೊಡೆಯ ಮೇಲೆ ಕೂತು ಭಾರತದ ವಾಚನ ಕೇಳಿ ಬೆಳೆದವನು. ದೇವರ ಪದ್ಯದಲ್ಲಿ ಒಂದಕ್ಷರ ಜಾರಿದರೂ ಅವನಿಗೆ ಅನ್ನದಲ್ಲಿ ಕಲ್ಲು ಕಡಿದಂತಾಗುತ್ತಿತ್ತು. ಅಕ್ಷರವಲ್ಲ, ಚೆಲುವಯ್ಯ ಇಡೀ ಮೂರನೇ ಸಾಲನ್ನೇ ನುಂಗಿಬಿಟ್ಟ.

ಕಂಬಳಿ ಅತ್ತ ಹಾರಿತು. ಬೋರಲಿಂಗಯ್ಯ ಎದ್ದು ನಿಂತಿದ್ದ.

“ಲೇ ಚೆಲುವ, ಮೂರನೇ ಸಾಲು ಎಲ್ಲೋಯ್ತಲಾ? ಬನ್ನಿನ ಜೊತೆ ತಿಂದ್ಯಾ?”

ತಾಳ ಕಿತ್ತುಕೊಂಡು, ಕಣ್ಣು ಮುಚ್ಚಿ, ಪದ್ಯವನ್ನು ತಲೆಯಿಂದ ಬುಡದವರೆಗೆ ಹೇಳಿದ. ಕಾಲು ತನ್ನಷ್ಟಕ್ಕೆ ತಾನೇ ಕುಣಿಯಿತು. ಕಣ್ಣು ತೆರೆದಾಗ ಊರಿಗೆ ಊರೇ, ಹೊರಡದ ಬಸ್ಸಿಗೆ ಹತ್ತಿಸಲು ಬಂದವರಂತೆ, ಮಂಕಾಗಿ ನೋಡುತ್ತಿತ್ತು. ಸಿದ್ದಮ್ಮ ತುಳಸಿ ನೀರನ್ನು ತಾನೇ ಕುಡಿದಳು. ವೆಂಕಟಯ್ಯ, “ಬದದ ವಿಷ್ಯ ಆಮೇಲೆ ನೋಡ್ಕೊಳಣ,” ಎಂದು ಚಪ್ಪಲಿ ಮೆಟ್ಟಿದ. ಒಬ್ಬೊಬ್ಬರೇ ಕ್ಯಾನು ಎತ್ತಿಕೊಂಡರು.

ಪದ್ಯದ ಆವೇಶ ಇಳಿದಂತೆ ಬೋರಲಿಂಗಯ್ಯನ ಕಾಲು ಮತ್ತೆ ಹಳೇ ಕುರ್ಚಿಯ ಕಾಲಾಯಿತು. ಬಾಗಿಲ ಚೌಕಟ್ಟು ಹಿಡಿದುಕೊಂಡ. ಅಂಗಳದಲ್ಲಿ ಜನರ ನಡುವೆ ಲತಾಮಣಿ ಕಂಡಳು.

“ಲತಾಮಣಿ, ಎಲ್ರೂ ಡೈರಿಗೇ ಹೊಂಟವ್ರೆ. ನನ್ನೂ ಒಸಿ ಹಿಡ್ಕೊಂಡು ಕರ್ಕೊಂಡೋಗವ್ವ.”

ಲತಾಮಣಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಸಂಘ ಇರೋದು ಕೈಲಾಗದೋರಿಗೆ ಮಾವ. ನೀವು ಕುಣಿದದ್ದ ಊರೆಲ್ಲ ನೋಡೈತೆ. ನಿಮ್ಮನ್ನ ಹಿಡ್ಕೊಂಡು ಹೋದ್ರೆ ಜನ ನನ್ನ ಮುಖಕ್ಕುಗೀತಾರೆ. ಆಗಕ್ಕಿಲ್ಲ.”