ಶನಿವಾರ ಬಂದ ಜೋಡಿ ಮೀನಿನ ಚಾಕು

ಅಂಚೆಚೀಟಿ ಕೂಡಿಡೋನು ಸಿಕ್ಕರೆ ಜನ ಕೂರಿಸಿ ಕಾಫಿ ಕೊಡ್ತಾರೆ. ಹಳೇ ಚಾಕು ಕೂಡಿಡೋನು ಸಿಕ್ಕರೆ ಮೊದಲು ಜೇಬು ತಡಕ್ತಾರೆ. ಚಳ್ಳಕೆರೆಯಲ್ಲಿ ಈ ಹುಚ್ಚು ಇರೋನು ನಾನೊಬ್ಬನೇ. ಹಾಗಾಗಿ ಆಗಬಾರದ್ದೆಲ್ಲ ನನಗೇ ಆಗ್ತಾ ಇರುತ್ತೆ.

ಪೇದೆ ಮತ್ತು ಸೌತೆಕಾಯಿ

ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಪೇದೆ ನನ್ನ ಜೇಬಿಂದ ಮಡಿಚೋ ಚಾಕು ಎಳೆದ.

"ಏನಲೇ ಇದು?"

"ಹಳೇ ಕಾಲದ್ದು ಸಾರ್. ಇದರಲ್ಲಿ ಏನೂ ಕೊಯ್ಯಲ್ಲ. ಬರೀ ನೋಡೋಕೆ."

"ನೋಡೋಕೆ ಚಾಕು ಯಾಕಲೇ? ಸಿನಿಮಾ ನೋಡು."

ಪರೀಕ್ಷೆ ಮಾಡೇಬಿಡೋಣ ಅಂತ ಪಕ್ಕದ ಬುಟ್ಟಿಯಿಂದ ಒಂದು ಸೌತೆಕಾಯಿ ಎತ್ತಿಕೊಂಡ. ಅಲಗು ಬಗ್ಗಿತೇ ಹೊರತು ಕಾಯಿಗೆ ಗೀರೂ ಬೀಳಲಿಲ್ಲ. ಸುತ್ತ ಜನ ಸೇರಿದರು. ಪೇದೆಯ ಮುಖ ಕೆಂಪಾಯ್ತು. ಚಾಕು ವಾಪಸ್ ಕೈಗಿಟ್ಟು ಹೇಳಿದ:

"ನಿನ್ನನ್ನ ಸ್ಟೇಷನ್ನಿಗೆ ಕರ್ಕೊಂಡೋದ್ರೆ ನನ್ನ ಮರ್ಯಾದೆ ಹೋಗ್ತೈತೆ. ನಡಿ."

ಮೂಗಿನ ಪಾಠ

ಚಾಕುವಿನ ಗುರುತು ಹಿಡಿಯೋದು ನನಗೆ ಕಲಿಸಿದ್ದು ಎಣ್ಣೆ ಗಿರಣಿ ರಸ್ತೆಯ ಕಬ್ಬಿಣದಂಗಡಿ ಸಾವ್ಕಾರ್ರು. ಹಿಂದೆ ದೊಡ್ಡ ಹಾರ್ಡ್‌ವೇರ್ ಅಂಗಡಿಗಳೋರು ಹೊರಗಿನಿಂದ ಚಾಕು ತರಿಸುವಾಗ ಅಲಗಿನ ಬುಡದಲ್ಲಿ ತಮ್ಮದೇ ಗುರುತು ಕುಟ್ಟಿಸಿಕೊಳ್ತಿದ್ದರಂತೆ. ಆ ಗುರುತು ಓದಿದರೆ ಯಾವೂರಿನ ಯಾವ ಅಂಗಡೀದು ಅಂತ ತಿಳಿಯುತ್ತೆ. ಎಸ್ಸೆಸ್ಸೆಲ್ಸಿಯಲ್ಲಿ ನಾನು ಓದಲಾರದ್ದನ್ನೆಲ್ಲ ಇಲ್ಲಿ ಓದಿದೆ.

ಒಂದು ಸಲ ತಮಾಷೆಗೆ, ಬಜ್ಜಿ ಅಂಗಡಿಯ ತುಕ್ಕು ಚಾಕು ತಂದು, "ಪಾಳೇಗಾರರ ಕಾಲದ್ದು ನೋಡ್ರಿ" ಅಂದೆ. ಸಾವ್ಕಾರ್ರು ಕನ್ನಡಕ ಹಾಕಿಕೊಳ್ಳಲೇ ಇಲ್ಲ. ಮೂಗಿನ ಹತ್ತಿರ ಹಿಡಿದರು.

"ಪಾಳೇಗಾರರು ಈರುಳ್ಳಿ ಬಜ್ಜಿ ತಿಂತಿದ್ರೇನಲೇ?"

ನಕ್ಕಾದ ಮೇಲೆ ಅವರೇ ಮಾತು ತೆಗೆದರು. ಅವರಪ್ಪ ತರಿಸಿ ಮಾರಿದ ಚಾಕುಗಳ ಮೇಲೆ ಜೋಡಿ ಮೀನಿನ ಗುರುತು ಇತ್ತಂತೆ.

"ನಮ್ಮಪ್ಪಂಗೆ ಓದು ಬರಹ ಇರಲಿಲ್ಲ. ಹೆಸರಿನ ಬದಲು ತಾನೇ ಕೈಯಾರೆ ಎರಡು ಮೀನು ಗೀಚಿ ಕಳಿಸಿದ್ದ, ಅದನ್ನೇ ಅಚ್ಚು ಮಾಡಿದ್ರು. ಅವನದ್ದೊಂದು ಫೋಟೋನೂ ಇಲ್ಲ ಕಣೋ. ಆ ಗೀಚಿದ್ದಾದ್ರೂ ಒಂದ್ಸಲ ನೋಡ್ಬೇಕು."

"ಒಂದಾದ್ರೂ ಇಟ್ಕೊಳ್ಳಲಿಲ್ವೇನ್ರಿ?"

"ಮಾರೋಕೆ ತಂದಿದ್ದನ್ನ ಮನೇಲಿ ಇಟ್ಕೊಂಡ್ರೆ ವ್ಯಾಪಾರಸ್ಥ ಅಂತಾರೇನಲೇ?"

ಮೊಳಕಾಲ್ಮೂರಿನ ಕಡ್ಲೆಕಾಯಿ

ಆ ಚಾಕು ಸಿಕ್ಕಿದ್ದು ಮೊಳಕಾಲ್ಮೂರಿನಲ್ಲಿ, ರೇಷ್ಮೆ ಸೀರೆ ನೇಯೋ ಮನೆಯ ಒಬ್ಬ ಅಜ್ಜಿ ಹತ್ತಿರ. ಮಗ್ಗದ ಪಕ್ಕ ಕೂತು ಒಂದು ಹಳೇ ಮಡಿಚೋ ಚಾಕಲ್ಲಿ ದಾರದ ತುದಿ ಕತ್ತರಿಸ್ತಿದ್ದಳು. ಅಲಗಿನ ಬುಡದಲ್ಲಿ ಎರಡು ಗುರುತು! ಹತ್ತಿರ ಬಗ್ಗಿ ನೋಡಿದೆ.

"ಅಜ್ಜೀ, ಇದು ಮೀನಲ್ವಾ?"

"ಮೀನಾ? ಕಡ್ಲೆಕಾಯಿ ಕದಾ ನಾಯನಾ!" ಅಂದಳು ಅಜ್ಜಿ, ತೆಲುಗು ಬೆರೆಸಿ. ನಿಜಕ್ಕೂ ಸಾವ್ಕಾರ್ರ ಅಪ್ಪ ಗೀಚಿದ್ದು ಹಾಗೇ ಇತ್ತು. ನಮ್ಮ ಕಡೆಯೋರು ಕಡ್ಲೆಕಾಯಿ ಕಂಡಷ್ಟು ಮೀನು ಎಲ್ಲಿ ಕಂಡಾರು?

ಜೋಡಿ ಮೀನು ಎಲ್ಲಾದ್ರೂ ಸಿಕ್ಕರೆ ಬದಲಿಗೆ ಕೊಡು ಅಂತ ಸಾವ್ಕಾರ್ರು ಕಳಿಸಿದ್ದ ಹೊಸ ಚಾಕು ತೋರಿಸಿದೆ. ಅಜ್ಜಿ ಒಪ್ಪಿದಳು. ಆದರೆ, "ಈ ಪೊದ್ದು ಶುಕ್ರವಾರಂ" ಅಂದಳು. ಶುಕ್ರವಾರ ಮನೆಯಿಂದ ಏನೂ ಹೊರಗೆ ಕೊಡೋ ಹಾಗಿಲ್ಲವಂತೆ. ಗುಡಿ ಜಗಲಿ ಮೇಲೆ ಮಲಗಿ ಬೆಳಿಗ್ಗೆ ಹೋದೆ. ಚಾಕು ಕೈಯಿಂದ ಕೈಗೆ ಕೊಟ್ಟರೆ ಜಗಳ ಆಗುತ್ತೆ ಅಂತ ನೆಲದ ಮೇಲಿಟ್ಟಳು, ಎತ್ತಿಕೊಂಡೆ. ಹೊಸದನ್ನ ಇಡೋಕೆ ಹೋದರೆ, "ಅಯ್ಯೋ, ಶನಿವಾರ ಕಬ್ಬಿಣ ಒಳಗೆ ಬರಬಾರದು, ಜಗಲಿ ಮೇಲೇ ಇರಲಿ, ನಾಳೆ ತಗೊಂತೀನಿ."

ಹಳೇದು ಹೊರಗೆ ಬಂತು, ಹೊಸದು ಒಳಗೆ ಹೋಗಲಿಲ್ಲ. ಆವತ್ತೆಲ್ಲ ಅಜ್ಜಿ ದಾರವನ್ನ ಹಲ್ಲಲ್ಲೇ ಕಡಿದಿರಬೇಕು. ಬಾಯಲ್ಲಿ ಹಲ್ಲೂ ಇರಲಿಲ್ಲ, ಪಾಪ.

ಎಲ್ಲೂ ಜಾಗವಿಲ್ಲ

ಬಸ್ಸಿಳಿದು ಓಡಿದೆ. ಶನಿವಾರ ಕಬ್ಬಿಣ ಕೊಳ್ಳೋರು ಯಾರೂ ಇಲ್ಲವಾದ್ದರಿಂದ ಅಂಗಡಿಗೆ ಬೀಗ. ಸಾವ್ಕಾರ್ರು ಮನೆ ಜಗಲಿ ಮೇಲಿದ್ದರು.

"ಜೋಡಿ ಮೀನು ಸಿಕ್ತು ಸಾವ್ಕಾರ್ರೇ!"

ದಡಕ್ಕನೆ ಎದ್ದು ಕೈ ಚಾಚಿದರು. ಚಾಚಿದ ಕೈ ಹಾಗೇ ಬೆನ್ನ ಹಿಂದೆ ಹೋಯ್ತು.

"ಇವತ್ತು ಶನಿವಾರ ಕಣೋ."

"ಮುಟ್ಟಬ್ಯಾಡ್ರಿ. ಬರೀ ನೋಡ್ರಿ."

"ನೋಡಿದ್ರೆ ಮುಟ್ಟದೇ ಇರ್ತೀನೇನೋ? ನಮ್ಮಪ್ಪನ ಗುರುತದು." ಮುಖ ಗೋಡೆ ಕಡೆ ತಿರುಗಿಸಿಬಿಟ್ಟರು. "ನಾಳೆ ಅಮಾಸೆ. ಸೋಮವಾರ ತಾ. ಜೋಪಾನ ಕಣಪ್ಪಾ."

ಮನೆಗೆ ಬಂದೆ. ಅವ್ವ ದಿನಾ ಬೀಡಿ ಹುಡುಕೋಕೆ ನನ್ನ ಜೇಬು ತಡಕ್ತಾಳೆ. ಆವತ್ತು ಚಾಕು ಸಿಕ್ಕಿತು.

"ಶನಿವಾರ ಇದನ್ನ ಹೊಸ್ತಿಲು ದಾಟಿಸಿದ್ರೆ ನಿನ್ನನ್ನ ಊರೇ ದಾಟಿಸ್ತೀನಿ!"

ಕೊನೆಗೆ ಎಸ್‌ಟಿಡಿ ಬೂತ್ ಪಕ್ಕದ ಟೀ ಅಂಗಡಿ ಸಾಬರು, "ಫಿಕರ್ ಮಾಡಬೇಡ, ಇಲ್ಲಿಡು" ಅಂತ ಸಕ್ಕರೆ ಡಬ್ಬಿ ಹಿಂದೆ ಇಟ್ಟುಕೊಂಡರು.

ಸೋಮವಾರ ಬೆಳಿಗ್ಗೆ ಹೋದರೆ ಚಾಕು ಕನ್ನಡಿ ಥರ ಫಳಫಳ.

"ಪೂರಾ ಮೊಂಡಾಗಿತ್ತು. ಸಾಣೆಯವನು ಬಂದಿದ್ದ, ಹಿಡಿಸಿಬಿಟ್ಟೆ. ಬುಡದಲ್ಲಿ ಕಡ್ಲೆಕಾಯಿ ಥರ ಏನೋ ಗಲೀಜಿತ್ತು ನೋಡು, ಅದನ್ನೂ ಸಾಫ್ ಮಾಡಿಸಿದೀನಿ. ಒಂದು ಟೀ ಕುಡಿ."

ಕುಡಿದೆ. ಚಾಕು ತಗೊಂಡು ಸಾವ್ಕಾರ್ರ ಅಂಗಡಿಗೆ ಹೋಗಿ ನಡೆದದ್ದೆಲ್ಲ ಹೇಳಿದೆ.

ಶನಿವಾರದ ವ್ಯಾಪಾರ

ಸಾವ್ಕಾರ್ರು ಅಲಗಿನ ಬುಡದ ಮೇಲೆ ಹೆಬ್ಬೆರಳು ಆಡಿಸಿದರು.

"ಇಲ್ಲೇ ಇತ್ತಾ?"

"ಇಲ್ಲೇ ಇತ್ರಿ."

"ಬಾಲ ಮೇಲಿತ್ತಾ, ಕೆಳಗಿತ್ತಾ?"

"ಬಾಲ ಗೊತ್ತಾಗಲಿಲ್ಲ ಸಾವ್ಕಾರ್ರೇ. ಅಜ್ಜಿ ಕಡ್ಲೆಕಾಯಿ ಅಂದ್ಲು."

ಅವರು ನಗೋಕೆ ಶುರು ಮಾಡಿದರು. ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆಮೇಲೂ ಒರೆಸಿಕೊಳ್ತಾನೇ ಇದ್ದರು.

"ಕಬ್ಬಿಣ ಮಾರಿಯೇ ಅನ್ನ ತಿಂದೋನು ನಾನು. ಒಂದು ಶನಿವಾರ ಕಬ್ಬಿಣ ಮುಟ್ಟಿದ್ರೆ ಏನಾಗ್ತಿತ್ತಲೇ?"

ಮುಂದಿನ ಶನಿವಾರ ಅಂಗಡಿ ಬಾಗಿಲು ತೆಗೆದೇಬಿಟ್ಟರು. ಬೀದಿಯೋರು ನಿಂತು ನೋಡಿದರು, ಒಳಗೆ ಯಾರೂ ಬರಲಿಲ್ಲ. ನಾನು ಹೋಗಿ ಒಂದೇ ಒಂದು ಮೊಳೆ ಕೊಂಡೆ. ಇಡೀ ದಿನದ ವ್ಯಾಪಾರ ಅಷ್ಟೇ.

ಸಂಜೆ ಮೊಳೆ ಸಮೇತ ಅವ್ವ ನನ್ನನ್ನ ಹೊರಗೆ ಹಾಕಿದಳು. ಸಾವ್ಕಾರ್ರ ಮನೆಗೆ ಹೋದರೆ ಅವರೂ ಜಗಲಿ ಮೇಲೇ, ಕೈಯಲ್ಲಿ ಚಾಕು. ಒಳಗಿಂದ ಅವರ ಹೆಂಡ್ತಿ, "ಶನಿವಾರ ಕಬ್ಬಿಣ ಮಾರಿ ಬಂದೋರು ಬೆಳಿಗ್ಗೆ ಸ್ನಾನ ಮಾಡಿ ಒಳಗೆ ಬರ್ರಿ" ಅಂತಿದ್ದರು.

ಪಕ್ಕದಲ್ಲಿ ಕೂತೆ. "ನಮ್ಮಿಬ್ಬರನ್ನೂ ನಾಳೆವರೆಗೆ ಎಲ್ಲಿ ಇಡ್ತಾರ್ರೀ?"

ಸಾವ್ಕಾರ್ರು ಚಾಕು ಟಕ್ಕಂತ ಮಡಿಚಿದರು.

"ಎಲ್ಲಾದ್ರೂ ಇಡ್ಲಿ. ಟೀ ಅಂಗಡೀಲಿ ಮಾತ್ರ ಬ್ಯಾಡ ಕಣಲೇ, ಬೆಳಿಗ್ಗೆ ಹೊತ್ತಿಗೆ ನಮ್ಮ ಮೂಗು ಮುಸುಡಿ ಎಲ್ಲ ಸಾಫ್ ಮಾಡಿಸಿರ್ತಾನೆ."