ಪ್ರವಾಸಿಗರ ಶತ್ರು, ನಮ್ಮ ದೊಡ್ಡಪ್ಪ

ಅಂಗಿಯ ಜೇಬಿನಲ್ಲಿ ಎರಡು ಪೆನ್ಸಿಲ್. ಒಂದು 2ಎಚ್, ಇನ್ನೊಂದು 4ಎಚ್. ಎರಡನ್ನೂ ಬ್ಲೇಡಿನಲ್ಲಿ ಸೂಜಿಯಂತೆ ಹೆರೆದು, ಮೊನೆ ಬಟ್ಟೆಗೆ ಚುಚ್ಚದಿರಲೆಂದು ಸೈಕಲ್ಲಿನ ವಾಲ್‌ಟ್ಯೂಬಿನ ತುಂಡು ತೊಡಿಸಿರುತ್ತಿತ್ತು.

ಆ ಜೇಬಿನ ಒಡೆಯರಾದ ನಮ್ಮ ದೊಡ್ಡಪ್ಪ ದೆಹಲಿಯ ಕರೋಲ್ ಬಾಗಿನಲ್ಲೇ ಪ್ರವಾಸಿಗರ ಪರಮ ಶತ್ರು. ಹಾಗೆಂದು ಅವರೇ ಹೇಳಿಕೊಳ್ಳುತ್ತಿದ್ದರು. ಆದರೆ ಇಡೀ ಕರೋಲ್ ಬಾಗಿನಲ್ಲಿ ಪ್ರವಾಸಿಗರಿಗೆ ಅವರಷ್ಟು ಉಪಕಾರ ಮಾಡಿದವರು ಇನ್ನೊಬ್ಬರಿಲ್ಲ! ಇದು ಹೇಗೆ ಸಾಧ್ಯ ಎಂದು ಕೇಳಬೇಡಿ. ಎರಡು ವರ್ಷ ಅವರ ಮನೆಯಲ್ಲಿದ್ದು ಎಂ.ಎ. ಓದಿದವಳು ನಾನು. ನನಗೇ ಗೊತ್ತಾಗಲಿಲ್ಲ.

ದೆಹಲಿಗೆ ಮೆಟ್ರೋ ಹೊಸದಾಗಿ ಬಂದಿದ್ದ ಕಾಲ ಅದು. ದೊಡ್ಡಪ್ಪ ಸರ್ಕಾರಿ ಕಚೇರಿಯೊಂದರಲ್ಲಿ ಮೂವತ್ತು ವರ್ಷ ನಕ್ಷೆ ಬರೆದು ನಿವೃತ್ತರಾಗಿದ್ದರು. ಅವರು ಬಂದಾಗ ಗಲ್ಲಿಯ ತುಂಬ ಮನೆಗಳೇ ಇದ್ದವಂತೆ. ನಾನು ಬರುವ ಹೊತ್ತಿಗೆ ಅರ್ಧಕ್ಕರ್ಧ ಗೆಸ್ಟ್‌ಹೌಸ್. ಹೋದ ವರ್ಷ ಜಗಲಿಯಲ್ಲಿ ಹಪ್ಪಳ ಒಣಗಿಸಿದ್ದ ಮನೆಗೆ ಈ ವರ್ಷ ಗಾಜಿನ ಬಾಗಿಲು, ಮಿಣುಕು ದೀಪ! ಬೆಳಕು ಹರಿಯುವ ಮೊದಲೇ ಆಗ್ರಾಕ್ಕೂ ಹರಿದ್ವಾರಕ್ಕೂ ಹೋಗುವ ಬಸ್ಸುಗಳು ನಮ್ಮ ಕಿಟಕಿಯ ಕೆಳಗೆ ಬಂದು, ಇಂಜಿನ್ ಆರಿಸದೆ ಒಂದು ಗಂಟೆ ಗುರುಗುಟ್ಟುತ್ತ ನಿಲ್ಲುತ್ತಿದ್ದವು. ದೆಹಲಿಯ ಬಸ್ಸುಗಳು ಸಿಎನ್‌ಜಿಗೆ ಬದಲಾಗಿದ್ದವು. ಹೊರಗಿನಿಂದ ಬಂದ ಇವು ಡೀಸೆಲ್ಲಿನವೇ.

ದೊಡ್ಡಮ್ಮನಿಗೆ ಉಬ್ಬಸ. ಹೊಗೆ ಒಳಗೆ ಬಂತೆಂದರೆ ಎದ್ದು ಕೂತು ಮಂಚದ ಅಂಚು ಹಿಡಿದುಕೊಳ್ಳುತ್ತಿದ್ದರು.

"ಜನಕಪುರಿಗೆ ಹೋಗಿಬಿಡೋಣ ಕಣೇ. ಅಲ್ಲಿ ಮನೆ ಮುಂದೆ ಪಾರ್ಕ್ ಇರುತ್ತೆ," ಎನ್ನುತ್ತಿದ್ದರು ದೊಡ್ಡಪ್ಪ.

"ನನ್ನ ತರಕಾರಿ ಮಾರ್ಕೆಟ್ಟು ಇಲ್ಲಿದೆ. ಮೂವತ್ತು ವರ್ಷದಿಂದ ಸಂಜೆ ಸಂಜೆ ನಡ್ಕೊಂಡು ಹೋಗ್ತಿದೀನಿ. ನಿಮ್ಮ ಪಾರ್ಕಲ್ಲಿ ಮೆಂತ್ಯದ ಸೊಪ್ಪು ಸಿಗುತ್ತಾ?"

ಸಿಗುವುದಿಲ್ಲ. ಹಾಗಾಗಿ ಯುದ್ಧ! ಗಲ್ಲಿಯ ಬಾಯಿಗೆ ಕಬ್ಬಿಣದ ಗೇಟು ಹಾಕಿಸಿ ಬಸ್ಸುಗಳನ್ನು ಹೊರಗೇ ತಡೆಯುವುದು ನಿವಾಸಿಗಳ ಸಮಿತಿಯ ಬೇಡಿಕೆ. ಅಧ್ಯಕ್ಷೆ ಎದುರು ಮನೆಯ ಪಂಜಾಬಿ ಆಂಟಿ, ಸೇನಾಪತಿ ದೊಡ್ಡಪ್ಪ.

ಸೇನಾಪತಿಯ ಮೊದಲ ಅಸ್ತ್ರ ನಕ್ಷೆ. ದಾರಿ ಕೇಳುವ ಪ್ರವಾಸಿಗರಿಗೆ ತಪ್ಪು ನಕ್ಷೆ ಬರೆದುಕೊಟ್ಟರೆ, ಸುತ್ತಿ ಸುತ್ತಿ ಬೇಸತ್ತು, ಈ ಗಲ್ಲಿಯ ಸಹವಾಸವೇ ಬೇಡವೆಂದು ಓಡುತ್ತಾರಲ್ಲವೆ? ಮೊದಲ ಬಲಿಯಾಗಿ ಒಂದು ಬಂಗಾಳಿ ಸಂಸಾರ ಸಿಕ್ಕಿತು. ದೊಡ್ಡಪ್ಪ ಮೆಟ್ಟಿಲ ಮೇಲೆ ಕೂತು ಇಪ್ಪತ್ತು ನಿಮಿಷ ಬರೆದು ಮೇಲೆ ಬಂದರು.

"ದಾರಿ ತಪ್ಪಿಸಿದಿರಾ?" ದೊಡ್ಡಮ್ಮ ಕೇಳಿದರು.

ದೊಡ್ಡಪ್ಪ ಕನ್ನಡಕ ತೆಗೆದು ಒರೆಸಿದರು. "ಇಲ್ಲ. ಕೈ ಬರಲಿಲ್ಲ. ಅವರು ಕೇಳಿದ್ದಕ್ಕಿಂತ ಹತ್ತಿರದ ದಾರಿ ತೋರಿಸಿಬಿಟ್ಟೆ."

ಕೈ ಬರುವುದಾದರೂ ಹೇಗೆ? ಉತ್ತರ ದಿಕ್ಕಿನ ಬಾಣವಿಲ್ಲದೆ ಮದುವೆ ಮನೆಯ ದಾರಿಯನ್ನೂ ಬರೆದುಕೊಡದ ಮನುಷ್ಯ! ಪ್ರತಿ ವಾರ ತಪ್ಪು ಬರೆಯಲು ಕೂರುವುದು, ಪ್ರತಿ ವಾರ ಇನ್ನಷ್ಟು ಸರಿಯಾಗುವುದು. ಕೊನೆಗೆ ಒಂದು ಗೆಸ್ಟ್‌ಹೌಸಿನವನು ಅದನ್ನು ಜೆರಾಕ್ಸ್ ಮಾಡಿಸಿ, 'ಅಂಕಲ್‌ಜೀ ಕಾ ನಕ್ಷಾ' ಎಂದು ಬಂದವರಿಗೆಲ್ಲ ಹಂಚತೊಡಗಿದ. ಜನ ಇಮ್ಮಡಿಯಾದರು. ಸಂಗತಿ ತಿಳಿದು ದೊಡ್ಡಪ್ಪ ಕೆಂಡವಾಗಿ ಅಲ್ಲಿಗೆ ನುಗ್ಗಿದರು. ಜಗಳ ನೋಡಲು ನಾನೂ ಹಿಂದೆ ಹೋದೆ. ಅವರ ತಕರಾರು ಏನಿತ್ತು ಗೊತ್ತೆ? ಜೆರಾಕ್ಸಿನಲ್ಲಿ ಎಡ ಅಂಚು ಕತ್ತರಿಸಿಹೋಗಿ ಒಂದು ಔಷಧಿ ಅಂಗಡಿ ಕಾಣುತ್ತಿರಲಿಲ್ಲ!

ಇಷ್ಟಾದ ಮೇಲೆ ಆಂಟಿ ಧರಣಿ ಘೋಷಿಸಿದರು. ಗೇಟಿಗೆ ಒಪ್ಪಿಗೆ ಕೊಡಬೇಕಾದ ಅಧಿಕಾರಿ ಭಾನುವಾರ ಹತ್ತು ಗಂಟೆಗೆ ಬಂದು ಕಣ್ಣಾರೆ ನೋಡುತ್ತಾರೆಂದು ಗೊತ್ತಾಗಿತ್ತು. ಒಂಬತ್ತಕ್ಕೇ ಗಲ್ಲಿಗಡ್ಡವಾಗಿ ಜಮಖಾನ ಹಾಸಿದ್ದಾಯಿತು. ನಟ್ಟನಡುವೆ ದೊಡ್ಡಪ್ಪ. "ಟೂರಿಸ್ಟ್ ಬಸ್, ವಾಪಸ್ ಜಾಓ!" ಘೋಷಣೆ ಕೂಗುವುದು ನನ್ನಿಂದಾಗದ ಕೆಲಸ. ಪುಸ್ತಕವೊಂದನ್ನು ಹಿಡಿದುಕೊಂಡು ಕಿಟಕಿಯಲ್ಲಿ ನಿಂತಿದ್ದೆ. ದೊಡ್ಡಪ್ಪ ಬಾ ಎಂದು ಕರೆಯಲೂ ಇಲ್ಲ.

ಹತ್ತಕ್ಕೆ ಐದು ನಿಮಿಷವಿರುವಾಗ ಬಸ್ಸೊಂದು ಬಂದು ಜಮಖಾನದೆದುರು ನಿಂತಿತು. ಜನ ಇನ್ನೂ ಜೋರಾಗಿ ಕೂಗಿದರು. ಬಾಗಿಲು ತೆರೆದು ಒಬ್ಬ ಅಜ್ಜಿ ಇಳಿದು, ಕೈಮುಗಿದು, ದೊಡ್ಡಪ್ಪನ ಹಣೆಯ ವಿಭೂತಿ ನೋಡಿ ಧೈರ್ಯ ಮಾಡಿ ಕೇಳಿದರು:

"ಯಪ್ಪಾ, ಕನ್ನಡ ಬರ್ತೈತೇನ್ರಿ? ರಾತ್ರೆಲ್ಲಾ ಬಸ್ಸಿನ್ಯಾಗ ಅದೀವಿ. ಇಲ್ಲೆಲ್ಲ್ಯಾರ ಹೆಣ್ಮಕ್ಕಳು ಒಂದ್ಕ ಹೋಗಾಕ ಜಾಗ ಐತೇನ್ರಿ?"

ದೊಡ್ಡಪ್ಪನ ಎತ್ತಿದ ಮುಷ್ಟಿ ಹಾಗೇ ನಿಂತಿತು. ಒಮ್ಮೆ ಆಂಟಿಯ ಕಡೆ ನೋಡಿದರು, ಒಮ್ಮೆ ಅಜ್ಜಿಯ ಕಡೆ. ಆಮೇಲೆ ಎದ್ದು ಪಂಚೆ ಕೊಡವಿಕೊಂಡರು.

"ಬನ್ನಿ ತಾಯಿ. ಮೊದಲನೇ ಮಹಡಿ. ಮೆಟ್ಟಿಲು ನೋಡ್ಕೊಂಡು ಹತ್ತಿ."

ಬರುವುದು ಒಬ್ಬ ಅಜ್ಜಿ ಎಂದುಕೊಂಡಿದ್ದರು ದೊಡ್ಡಪ್ಪ, ಪಾಪ. ಬಸ್ಸಿನಿಂದ ಇಳಿದವರು ಮೂವತ್ತೊಂದು ಹೆಂಗಸರು! ಸಾಲು ನಮ್ಮ ಬಚ್ಚಲಿನಿಂದ ಶುರುವಾಗಿ ಮೆಟ್ಟಿಲಿಳಿದು ಜಮಖಾನದವರೆಗೆ ಮುಟ್ಟಿತು. ದೊಡ್ಡಮ್ಮ ಉಪ್ಪಿಟ್ಟಿಗೆ ರವೆ ಹುರಿದರು. "ಅಚ್ಛಾ, ಬಂದಿದ್ದಾರಲ್ಲ, ಏನು ಮಾಡೋದು" ಎನ್ನುತ್ತ ಆಂಟಿಯೂ ಚಹಾದ ಪಾತ್ರೆ ತಂದರು. ಅಧಿಕಾರಿ ಜೀಪಿನಿಂದಿಳಿದಾಗ ಕಂಡದ್ದು ಈ ದೃಶ್ಯ.

"ಇಷ್ಟು ಪ್ರೀತಿ ಇರುವಾಗ ಗೇಟು ಯಾಕೆ, ಸಾಬ್?" ಎಂದು ನಗುತ್ತ ಹಿಂದಿಯಲ್ಲಿ ಕೇಳಿ, ತಾವೂ ಒಂದು ಲೋಟ ಚಹಾ ಕುಡಿದು ಹೊರಟುಹೋದರು.

ಗೇಟೂ ಅವರ ಜೊತೆಗೇ ಹೋಯಿತು. ಇಡೀ ಗಲ್ಲಿ ದೊಡ್ಡಪ್ಪನ ಮೇಲೆ ಮುನಿಸಿಕೊಂಡಿತು. ಆಂಟಿ ಮಾತ್ರ, "ನಿಮ್ಮಂಥ ಸೇನಾಪತಿ ವೈರಿಗಳ ಕಡೆ ಇರಬೇಕಿತ್ತು, ಭಾಯಿಸಾಬ್!" ಎಂದು ಕಿಚಾಯಿಸಿ ಪಾತ್ರೆ ತೊಳೆಯಲು ನಮ್ಮ ಬಚ್ಚಲಿಗೇ ಹೋದರು. ತೊಳೆಯಲು ನೀರೆಲ್ಲಿತ್ತು? ಟ್ಯಾಂಕು ಖಾಲಿ!

ಸಂಜೆ ದೊಡ್ಡಮ್ಮ ಎಂದಿನಂತೆ ಚೀಲ ಹಿಡಿದು ನಿಂತರು. ಯಾವಾಗಲೂ ಜೊತೆಗೆ ಹೋಗುತ್ತಿದ್ದ ದೊಡ್ಡಪ್ಪ ಅಂದು ಕುರ್ಚಿಯಿಂದ ಏಳಲಿಲ್ಲ. ನನ್ನನ್ನು ಕರೆದು ಮಡಚಿದ ಕಾಗದವೊಂದನ್ನು ಕೊಟ್ಟರು.

"ಇವತ್ತು ನೀನು ಹೋಗಮ್ಮ. ಇದನ್ನ ಇಟ್ಕೋ. ಅವಳಿಗೆ ಕಾಣೋ ಹಾಗೆ ತೆಗೀಬೇಡ."

ಮೆಟ್ಟಿಲ ತಿರುವಿನಲ್ಲಿ ಬಿಚ್ಚಿ ನೋಡಿದೆ. ನಮ್ಮ ಬಾಗಿಲಿನಿಂದ ತರಕಾರಿ ಮಾರ್ಕೆಟ್ಟಿನವರೆಗಿನ ನಕ್ಷೆ. ದಾರಿಯುದ್ದಕ್ಕೂ ಸಣ್ಣ ಸಣ್ಣ ಸೊನ್ನೆಗಳು. ಪಕ್ಕದಲ್ಲಿ ಇರುವೆ ಸಾಲಿನಂಥ ಕನ್ನಡ ಅಕ್ಷರ: 'ಟೈಲರ್ ಅಂಗಡಿ ಕಟ್ಟೆ, ನೆರಳಿದೆ.' 'ಚಪ್ಪಲಿ ಹೊಲಿಯುವವನ ಸ್ಟೂಲು, ಕೇಳಿದರೆ ಕೊಡುತ್ತಾನೆ.' 'ಇಲ್ಲಿ ಬೇಡ, ಬಸ್ಸಿನ ಹೊಗೆ.' ಒಂದು ಸೊನ್ನೆಯಿಂದ ಇನ್ನೊಂದಕ್ಕೆ ಎಷ್ಟು ಹೆಜ್ಜೆ ಎಂದೂ ಬರೆದಿತ್ತು. ಮೂವತ್ತು. ಇಪ್ಪತ್ತೆಂಟು. ಆ ಅಂಕಿಗಳ ಕೆಳಗೆ ರಬ್ಬರಿನಿಂದ ಅಳಿಸಿದ ಹಳೆಯ ಅಂಕಿಗಳು ಮಸುಕಾಗಿ ಕಾಣುತ್ತಿದ್ದವು. ಅರವತ್ತು. ಅದಕ್ಕೂ ಕೆಳಗೆ, ತೊಂಬತ್ತು.

ತಲೆಯೆತ್ತಿದೆ. ದೊಡ್ಡಪ್ಪ ಬಾಗಿಲಿಗೆ ಬಂದು ನಿಂತಿದ್ದರು.

"ಹೆಜ್ಜೆ ನನ್ನದಲ್ಲ," ಅಂದರು. "ಅವಳದು."

ಆ ಸಂಜೆ ನಾವಿಬ್ಬರೂ ಒಂಬತ್ತು ಕಡೆ ಕೂತೆವು. ಪ್ರತಿ ಸಲವೂ ನಾನೇ, "ಕಾಲು ನೋಯ್ತಿದೆ ದೊಡ್ಡಮ್ಮ" ಅಂದೆ.

ಮರುದಿನ ಬೆಳಿಗ್ಗೆ ಐದಕ್ಕೆ ಎದ್ದು, ಶಾಲು ಹೊದ್ದು ಕೆಳಗಿಳಿದೆ. ಎರಡು ಬಸ್ಸುಗಳು ನಿಂತು ಗುರುಗುಟ್ಟುತ್ತಿದ್ದವು. ಮೊದಲನೆಯದರ ಡ್ರೈವರಿನ ಬಾಗಿಲು ತಟ್ಟಿದೆ. ಅವನು ಬಗ್ಗಿ ನೋಡಿದ.

"ಭಯ್ಯಾ, ಇಂಜಿನ್ ಬಂದ್ ಮಾಡಿ," ಎಂದು ಹಿಂದಿಯಲ್ಲಿ ಹೇಳಿದೆ. ಅವನಿಗೆ ಕೇಳಿಸಲಿಲ್ಲ. ಇನ್ನೊಮ್ಮೆ, ಗಲ್ಲಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ. ಅವನು ಆರಿಸಿದ. ನಾನು ಎರಡನೆಯ ಬಸ್ಸಿನ ಕಡೆ ನಡೆದೆ.