ಕಫವೆಂದು ಒಪ್ಪಿ ತಂದ ಸೊಸೆ

ನಮ್ಮ ಮಾವನವರ ಬಾಯಲ್ಲಿ ಮನುಷ್ಯರ ಹೆಸರು ಬಂದದ್ದನ್ನು ನಾನು ಕೇಳಿದ್ದು ಬಹಳ ಕಡಿಮೆ. ಅವರ ಮಟ್ಟಿಗೆ ಭೂಮಿಯ ಮೇಲೆ ಇದ್ದವರೇ ಮೂರು ಜನ: ವಾತ, ಪಿತ್ತ, ಕಫ! ಅಂಚೆಯವನು ಗೇಟು ತೆರೆದರೆ "ವಾತ ಬಂತು, ಕಾಗದ ಉಂಟಾ ನೋಡಿ" ಎನ್ನುವರು. ಮೀನಿನವಳು ದೂರದಲ್ಲಿ ಕೂಗಿದರೆ "ಪಿತ್ತದ ಸ್ವರ, ಇವತ್ತು ಚರ್ಚೆ ಬೇಡ" ಎಂದು ಅಡುಗೆಮನೆಗೆ ಎಚ್ಚರಿಕೆ ಹೋಗುತ್ತಿತ್ತು. ಅಂಗಳದ ಬೆಕ್ಕನ್ನೂ ಬಿಟ್ಟವರಲ್ಲ. ಸದಾ ಮಲಗಿರುತ್ತದೆ, ಆದ್ದರಿಂದ ಅದು ಕಫವಂತೆ. ಬೆಕ್ಕು ಮಲಗದೆ ಮತ್ತೇನು ಕಚೇರಿಗೆ ಹೋಗಬೇಕಿತ್ತೇ?

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಮಂಗಳೂರಿನ ಕೊಟ್ಟಾರದಲ್ಲಿ ಆಗ ಮನೆಗಳಿಗಿಂತ ತೆಂಗಿನ ಮರಗಳೇ ಹೆಚ್ಚು. ಮಾವನವರು ಹಂಚಿನ ಕಾರ್ಖಾನೆಯಲ್ಲಿ ಆಯುಷ್ಯ ಕಳೆದವರು. ಸುಟ್ಟ ಹಂಚನ್ನು ಬೆರಳಿನಿಂದ ಬಡಿದು, ಸದ್ದು ಕೇಳಿ, ಇದು ಒಂದನೇ ನಂಬ್ರ, ಇದು ಎರಡನೇ ನಂಬ್ರ ಎಂದು ವಿಂಗಡಿಸುವುದು ಅವರ ಕೆಲಸವಾಗಿತ್ತು. ನಿವೃತ್ತರಾದ ಮೇಲೆ ಬಡಿಯಲು ಹಂಚು ಎಲ್ಲಿಂದ ತರಬೇಕು? ಅಷ್ಟರಲ್ಲಿ ಪಂಡಿತರೊಬ್ಬರ ಸಹವಾಸದಿಂದ ಸ್ವಲ್ಪ ಆಯುರ್ವೇದ ಕೈಗೆ ಹತ್ತಿತು. ಹಂಚಿನ ಜಾಗಕ್ಕೆ ಮನುಷ್ಯರು ಬಂದರು, ಅಷ್ಟೆ.

ಊಟವನ್ನು ನಾಲಗೆ ಕೇಳಿ ಬಡಿಸಬಾರದು, ಉಣ್ಣುವವನ ಪ್ರಕೃತಿ ನೋಡಿ ಬಡಿಸಬೇಕು ಎಂಬುದು ಅವರ ಸಿದ್ಧಾಂತ. ಈ ವಯಸ್ಸಿನಲ್ಲಿ ಯೋಚಿಸಿದರೆ ಅದರಲ್ಲಿ ತಪ್ಪೇನೂ ಕಾಣುವುದಿಲ್ಲ. ಎಲ್ಲರಿಗೂ ಒಂದೇ ಔಷಧ, ಒಂದೇ ಬುದ್ಧಿವಾದ ಹೇಳುವವರಿಗಿಂತ, ನಿನ್ನ ದೇಹ ನಿನ್ನದೇ ಎಂದು ಒಪ್ಪುವವರು ಮೇಲು. ಆದರೆ ಆ ದೇಹ ಎಂಥದ್ದು ಎಂದು ಹೇಳುವವರು ಯಾರು? ತೊಡಕು ಇದ್ದದ್ದು ಅಲ್ಲಿ!

ಪಕ್ಕದ ಬಾಡಿಗೆ ಮನೆಯಲ್ಲಿ ಒಬ್ಬ ಎಳೆಯ ಡಾಕ್ಟರಿದ್ದರು. ದಿನಾ ಅತ್ತಾವರದ ಆಸ್ಪತ್ರೆಗೆ ಸೈಕಲಿನಲ್ಲಿ ಹೋಗುವವರು. ಮಾವನವರು ಒಂದು ಬೆಳಿಗ್ಗೆ ಅವರನ್ನು ಅಡ್ಡಗಟ್ಟಿದರು.

"ಡಾಕ್ಟ್ರೇ, ನಿಮ್ಮದು ಶುದ್ಧ ವಾತ. ಹೀಗೆ ಗಾಳಿಗೆ ಹೋಗ್ಬಾರ್ದು."

"ಬಸ್ಸಿಗೆ ಕಾದ್ರೆ ನಾನು ಹೋಗಿ ಮುಟ್ಟುವಾಗ ರೋಗಿಗಳೆಲ್ಲ ಗುಣ ಆಗಿ ಮನೆಗೆ ಹೋಗಿರ್ತಾರೆ ಮಾರಾಯ್ರೆ!" ಎಂದು ಡಾಕ್ಟರು ಪೆಡಲು ತುಳಿದರು.

ಕೆಲವು ದಿನ ಕಳೆದು ನೋಡಿದರೆ ಡಾಕ್ಟರ ಕಿವಿಯಲ್ಲಿ ಹತ್ತಿ, ನೆತ್ತಿಯಲ್ಲಿ ಎಳ್ಳೆಣ್ಣೆ! "ನನಗೆ ಇದ್ರಲ್ಲಿ ನಂಬಿಕೆ ಇಲ್ಲ. ಆದ್ರೆ ನಿದ್ದೆ ಒಳ್ಳೆ ಬರ್ತದೆ" ಎಂದರು. ಅಂದಿನಿಂದ ಮಾವನವರನ್ನು ಹಿಡಿಯುವವರಿಲ್ಲ.

ಇನ್ನು ನನ್ನ ವಿಷಯ. ನನ್ನನ್ನು ನೋಡಲು ಬಂದಾಗ ಬೇರೆಯವರು ಜಾತಕ ಕೇಳಿದರೆ ಮಾವನವರು ನನ್ನ ನಡಿಗೆ ನೋಡಿದರು. ಗಂಜಿ ಹಾಕಿದ ಹೊಸ ಸೀರೆ, ನಿಧಾನ ನಡೆದೆ. ಬಾಯಿ ಬಿಡಬೇಡ ಎಂದು ಅಮ್ಮನ ಆಜ್ಞೆ, ಹಾಗಾಗಿ ಕೇಳಿದ್ದಕ್ಕೆಲ್ಲ ತಲೆಯಾಡಿಸಿದೆ. ತಟ್ಟೆಯಲ್ಲಿದ್ದುದನ್ನು ಮುಟ್ಟಲಿಲ್ಲ. ಮಾವನವರ ಮುಖ ಅರಳಿತು.

"ಉತ್ತಮ ಕಫ! ನಮ್ಮ ಹುಡುಗ ವಾತ. ಅವನನ್ನು ಒಂದು ಕಡೆ ನಿಲ್ಲಿಸ್ಲಿಕ್ಕೆ ಇಂಥವಳೇ ಬೇಕು" ಎಂದು ಅಲ್ಲೇ ಸಂಬಂಧ ಒಪ್ಪಿಬಿಟ್ಟರು.

ನಾನು ಕಫವೇ? ತವರಿನಲ್ಲಿ ನನ್ನ ಬಾಯಿಗೆ ಹೆದರಿ ಯಾರೂ ಹಳತಾದ ಬಂಗುಡೆ ಮೀನನ್ನು ನಮ್ಮ ಅಂಗಳಕ್ಕೆ ತರುತ್ತಿರಲಿಲ್ಲ! ಊಟ ಸ್ವಲ್ಪ ತಡವಾದರೆ ಮನೆಯಲ್ಲಿ ಪಾತ್ರೆಗಳು ಮಾತಾಡುತ್ತಿದ್ದವು. ಆದರೆ ಕಫವೆಂದು ಒಪ್ಪಿ ತಂದವರ ಮನೆಯಲ್ಲಿ ನಾನು ಬೇರೆಯೇ ಎಂದು ಹೇಗೆ ಹೇಳಲಿ? ಹೇಳಿದರೆ ಮೋಸ ಮಾಡಿ ಕೊಟ್ಟರು ಎಂದು ಅಪ್ಪನ ಮೇಲೆ ಮಾತು ಬಂದರೆ? ಹಾಗೆ ಸುಮ್ಮನಿದ್ದೆ. ಸುಮ್ಮನಿದ್ದಷ್ಟೂ ಮಾವನವರಿಗೆ ನಾನು ಇನ್ನಷ್ಟು ಕಫವಾಗಿ ಕಂಡೆ.

ಕಫ ಕರಗಿಸಲು ನನಗೆ ಹುರುಳಿ ಸಾರು, ಶುಂಠಿ, ಕಾಳುಮೆಣಸು. ತುಪ್ಪವಿಲ್ಲ, ಬಾಳೆಹಣ್ಣಿಲ್ಲ, ಮಧ್ಯಾಹ್ನ ಕಣ್ಣು ಮುಚ್ಚುವಂತಿಲ್ಲ. ಮಂಗಳೂರಿನ ಸೆಕೆಯಲ್ಲಿ ಈ ಊಟ! ಅಂಗೈ ಉರಿ, ಬಾಯಲ್ಲಿ ಹುಣ್ಣು, ತಲೆನೋವು. ಸೊರಗಿದ ನನ್ನನ್ನು ನೋಡಿ ಮಾವನವರಿಗೆ ಸಂಭ್ರಮ: "ಕರಗ್ತಾ ಉಂಟು, ಕರಗ್ತಾ ಉಂಟು!" ಗಂಡನಿಗೆ ಹೇಳಿದರೆ "ನಾಳೆ ಅಪ್ಪನ ಹತ್ರ ಮಾತಾಡ್ತೇನೆ" ಎನ್ನುವರು. ಆ ನಾಳೆ ಬರಲೇ ಇಲ್ಲ. ಮಗನ ವಿಷಯದಲ್ಲಿ ಮಾತ್ರ ಮಾವನವರ ಪರೀಕ್ಷೆ ಸರಿಯಾಗಿತ್ತು.

ಹೀಗೆ ಎರಡು ಮೂರು ವರ್ಷ ಕಳೆಯಿತು. ಒಂದು ಮೇ ತಿಂಗಳ ಮಧ್ಯಾಹ್ನ ತೆಂಗಿನ ಮರದಿಂದ ಬೊಂಡ ಇಳಿಸಿದ್ದರು. ಗಂಡ ಕುಡಿದರು, ಡಾಕ್ಟರು ಕುಡಿದರು, ಅಂಚೆಯವನೂ ನಿಂತು ಕುಡಿದ. ಎಳನೀರು ಕಫಕ್ಕೆ ಆಗದಲ್ಲ! ನನ್ನ ಮುಂದೆ ಬಂದದ್ದು ಹಬೆಯಾಡುವ ಶುಂಠಿ ಕಷಾಯ.

ಲೋಟವನ್ನು ಕುಕ್ಕಿಬಿಟ್ಟೆ.

"ನನಗೆ ಬೇಡ! ಇದನ್ನು ಆ ತೆಂಗಿನ ಬುಡಕ್ಕೆ ಹಾಕಿ! ಮೈಯೆಲ್ಲ ಉರೀತದೆ, ರಾತ್ರಿ ನಿದ್ದೆ ಇಲ್ಲ, ನಿಮಗೆ ಕರಗುವುದು ಮಾತ್ರ ಕಾಣ್ತದಾ? ಉರಿಯುವುದು ಕಾಣುವುದಿಲ್ವಾ?"

ಅಂಚೆಯವನು ಮಾಯ. ಗಂಡನೂ ಮಾಯ. ಡಾಕ್ಟರು ಮೆಲ್ಲಗೆ ತಮ್ಮ ಬೇಲಿ ದಾಟಿದರು. ಅತ್ತೆಯವರು ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತುಬಿಟ್ಟರು. ಇನ್ನು ತವರಿಗೆ ಕಳಿಸುತ್ತಾರೆ ಎಂದೇ ನಾನು ತಿಳಿದೆ.

ಮಾವನವರು ಹತ್ತಿರ ಬಂದು "ನಾಲಗೆ ತೋರಿಸು" ಎಂದರು. ತೋರಿಸಿದೆ. ಮಣಿಕಟ್ಟು ಹಿಡಿದು ತುಂಬ ಹೊತ್ತು ನಾಡಿ ನೋಡಿದರು.

"ಪಿತ್ತ" ಎಂದರು, ತಮಗೇ ಹೇಳಿಕೊಳ್ಳುವಂತೆ. "ಬೆಂಕಿಗೆ ಮೆಣಸು ಹಾಕ್ತಾ ಇದ್ದೆನಲ್ಲ ನಾನು! ಇಷ್ಟು ಸಮಯ ಯಾಕೆ ಹೇಳ್ಲಿಲ್ಲ ಮಗಾ?"

"ನೀವು ಕಫ ಅಂತ ಒಪ್ಪಿ ತಂದದ್ದಲ್ವಾ?" ಎಂದೆ. ಅಷ್ಟರಲ್ಲಿ ಅಳು ಬಂತು.

ಮಾವನವರು ಜಗಲಿಯ ಮೇಲೆ ಕುಳಿತರು. ಅಷ್ಟು ಸಣ್ಣವರಾಗಿ ಅವರು ನನಗೆ ಎಂದೂ ಕಂಡಿರಲಿಲ್ಲ.

"ಮಾತಿಲ್ಲ, ಸಿಟ್ಟಿಲ್ಲ, ಏನು ಕೊಟ್ರೂ ತಿಂತಾಳೆ. ನಾನು ಕಫ ಅಂತ ತಿಳಿದೆ. ಅದು ಹೆದರಿಕೆ ಆಗಿತ್ತು."

ಆಮೇಲೆ ಅವರು ತಲೆಯೆತ್ತಿ ಅಡುಗೆಮನೆಯ ಬಾಗಿಲ ಕಡೆ ನೋಡಿದರು. ಅತ್ತೆಯವರೂ ಅವರ ಲೆಕ್ಕದಲ್ಲಿ ಕಫವೇ. ಹದಿನಾರರ ವಯಸ್ಸಿನಲ್ಲಿ ಆ ಮನೆಗೆ ಬಂದು, ಒಂದು ದಿನವೂ ಎದುರು ಮಾತಾಡದವರು.

"ನಿನ್ನದೂ ಹೆದರಿಕೆಯೇ ಆಗಿತ್ತಾ?" ಎಂದು ಕೇಳಿದರು.

ಅತ್ತೆಯವರು ಸೌಟನ್ನು ಮೆಲ್ಲಗೆ ಕೆಳಗಿಟ್ಟರು.

"ಇಲ್ಲಿ ಬಾ. ಕೈ ಕೊಡು. ಸರಿಯಾಗಿ ನೋಡ್ತೇನೆ."

ಹಗಲು ಹೊತ್ತಿನಲ್ಲಿ, ಸೊಸೆಯ ಎದುರಿಗೆ, ಅತ್ತೆಯವರು ಸೆರಗಿನಿಂದ ಕೈ ಒರೆಸಿಕೊಂಡು ಬಂದು ಗಂಡನ ಪಕ್ಕದಲ್ಲಿ ಕುಳಿತು ಕೈ ಚಾಚಿದರು.